ಸಂಜೆ ಓಲಾಡಿ ಬರುತ್ತಿದ್ದ ಜೀಪು

ಹೋದ ಚಳಿಗಾಲದಲ್ಲಿ ನಿಪ್ಪಾಣಿ ಕಡೆಯ ಮೂವರು ಹುಡುಗರು ಅಥಣಿಯ ನಮ್ಮ ಗ್ಯಾರೇಜಿಗೆ ಒಂದು ಹಳೆಯ ಜೀಪು ತಂದರು. ಪಾಟಾ ಎನ್ನುವ ಸ್ಪ್ರಿಂಗ್ ಪಟ್ಟಿಗಳನ್ನು ಏರಿಸಿ, ಟ್ರ್ಯಾಕ್ಟರಿಗೆ ಹಾಕುವಂಥ ದೊಡ್ಡ ಹಲ್ಲಿನ ಟಾಯರು ಕೂಡಿಸಿ ಕುದುರೆಯಷ್ಟು ಎತ್ತರ ಮಾಡಿದ್ದರು. ಗುಡ್ಡ ಹತ್ತಿಸುವುದು, ಹಳ್ಳಕ್ಕೆ ಇಳಿಸುವುದು ಈಗಿನ ಹುಡುಗರ ಶೋಕಿ. "ಕಾಕಾ, ಡಾಂಬರ ರೋಡಿಗೆ ಬಂದ್ರ ಸ್ಟೇರಿಂಗ್ ನಿಂದ್ರೂದಿಲ್ರಿ. ಗಾಡಿ ತಾನ ಒಂದ್ ಕಡೆ ಜೋಲಿ ಹೊಡೀತೈತಿ" ಎಂದ ಒಬ್ಬ. ಇನ್ನೊಬ್ಬ ನಕ್ಕು, "ಹಿಂದಿನ ಗಾಡ್ಯಾವ್ರು, ಮಗಾ ಏರಿಸ್ಕೊಂಡ ಹೊಡ್ಯಾಕತ್ತಾನ ಅಂತ ಬೈತಾರ್ರಿ" ಎಂದ. ಮೂವರೂ ನಕ್ಕರು.

ನಾನು ಬಾನೆಟ್ಟಿನ ಒಳಗೆ ಬಗ್ಗಿದ್ದೆ. ಸ್ಟೇರಿಂಗ್ ಬಾಕ್ಸಿನಿಂದ ಒಸರಿ ಸುಟ್ಟ ಹಳೇ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೈ ಒರೆಸಿಕೊಂಡು ಮಗನಿಗೆ ನೋಡಲು ಹೇಳಿ ಒಳಗೆ ಹೋಗಿ ಕುಳಿತುಬಿಟ್ಟೆ. ಯಾಕಪ್ಪಾ ಎಂದು ಅವನು ಕೇಳಿದ. ಏನೂ ಇಲ್ಲ ಎಂದೆ. ಮಗನಿಗೆ ಆ ಕಥೆ ಗೊತ್ತಿಲ್ಲ, ಮನೆಯಲ್ಲಿ ನಾವು ಅದನ್ನು ಎತ್ತುವುದೇ ಇಲ್ಲ.

ಅದು ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನು ಕೊಲ್ಲಾಪುರದಲ್ಲಿ ಕೆಲಸ ಕಲಿತು ಬಂದು ಅಥಣಿಯಲ್ಲಿ ಹೊಸದಾಗಿ ಗ್ಯಾರೇಜು ಹಾಕಿದ್ದೆ. ಗ್ಯಾರೇಜೆಂದರೆ ಮೇಲೆ ತಗಡು, ಕೆಳಗೆ ಶಹಾಬಾದಿ ಫರಸಿ, ಮೂಲೆಯಲ್ಲೊಂದು ಜ್ಯಾಕು. ಕೈಗಿಂತ ಬಾಯಿ ಜೋರು ಎಂದು ನನಗೆ ಆಗಲೇ ಹೆಸರು ಬಿದ್ದಿತ್ತು. ಗಾಡಿಯನ್ನು ಹಾಳು ಮಾಡಿಕೊಂಡು ತಂದವರಿಗೆ ನಾನು ಚಹಾ ಕೊಡುವ ಮೊದಲು ಬೈಗುಳ ಕೊಡುತ್ತಿದ್ದೆ. ನಾನು ಬೈಯದ ಒಬ್ಬನೇ ಡ್ರೈವರ್ ಎಂದರೆ ನನ್ನ ಅಕ್ಕ ಕಸ್ತೂರಿಯ ಗಂಡ ಸಿದರಾಯ. ಅಕ್ಕನ ಗಂಡನನ್ನು ನಮ್ಮ ಗಡಿಸೀಮೆಯಲ್ಲಿ ದಾಜಿ ಅನ್ನುತ್ತೇವೆ. ದಾಜಿ ಕಾಗವಾಡದ ಹತ್ತಿರ, ಕೃಷ್ಣೆಯ ದಂಡೆಗೆ ಹತ್ತಿದ ಒಂದು ಊರಿನಲ್ಲಿ ಗೌಡರ ಜೀಪು ಹೊಡೆಯುತ್ತಿದ್ದರು. ಬ್ರೇಕನ್ನು ಕೂಡ ಯಾರಿಗೂ ನೋವಾಗದ ಹಾಗೆ ಒತ್ತುವ ಮನುಷ್ಯ.

ಅವರು ಮಾಳಕರಿ. ಪಂಢರಪುರದ ವಿಠ್ಠಲನ ಹೆಸರಿನಲ್ಲಿ ತುಳಸಿ ಮಣಿಯ ಮಾಳವನ್ನು ಕೊರಳಿಗೆ ಹಾಕಿಕೊಂಡವರನ್ನು ಹಾಗೆ ಕರೆಯುವುದು. ಹಾಕಿಕೊಂಡ ಮೇಲೆ ಮಾಂಸ ಮುಟ್ಟುವಂತಿಲ್ಲ, ಸೆರೆ ಕುಡಿಯುವಂತಿಲ್ಲ, ಸುಳ್ಳಾಡುವಂತಿಲ್ಲ. ಆಷಾಢ ಬಂತೆಂದರೆ ದಾಜಿ ಗೌಡರಿಂದ ರಜೆ ಪಡೆದು ದಿಂಡಿ ಎನ್ನುವ ಭಕ್ತರ ಮೇಳದ ಜೊತೆ ತಾಳ ಬಾರಿಸುತ್ತ ಪಂಢರಪುರಕ್ಕೆ ನಡೆದು ಹೋಗುತ್ತಿದ್ದರು. ಊರಿನವರು ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮಾಳಕರಿಗಳು ಒಬ್ಬರಿಗೊಬ್ಬರು ಅನ್ನುವಂತೆ ಎಲ್ಲರೂ "ಮಾವುಲಿ", ಅಂದರೆ ತಾಯಿ, ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಆ ಮಾಳಕ್ಕೆ ಇನ್ನೂ ಹೆಚ್ಚಿನ ಬೆಲೆಯಿತ್ತು. ನಮ್ಮಪ್ಪ ಕುಡುಕ. ದಿನಾ ಸಂಜೆ ಗೋಡೆ ಹಿಡಿದುಕೊಂಡು ಬರುತ್ತಿದ್ದ. ಬೆಳಗ್ಗೆ ಎದ್ದವನೇ ಅವ್ವನ ತಲೆ ಮುಟ್ಟಿ, ಅಕ್ಕನ ತಲೆ ಮುಟ್ಟಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡುತ್ತಿದ್ದ. ಅಪ್ಪ ಕುಡಿದೇ ಸತ್ತ. ಅಕ್ಕನಿಗೆ ಗಂಡು ನೋಡುವಾಗ ಅವ್ವ ಹೊಲ ಎಷ್ಟಿದೆ ಎಂದು ಕೇಳಲೇ ಇಲ್ಲ, ಹುಡುಗನ ಕೊರಳು ನೋಡಿದಳು. ಅಕ್ಕನೂ ಅದನ್ನೇ ನೋಡಿ ಒಪ್ಪಿದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಅಕ್ಕ, "ಸಂಜಿ ಆದ್ರ ನನಗ ಈಗ ಎದಿ ಹೊಡಕೊಳ್ಳೂದಿಲ್ಲೋ ಮಲ್ಲೂ" ಎಂದು ಹೇಳಿದ್ದಳು.

ಗೌಡರ ಜೀಪು ಮಿಲಿಟರಿ ಹರಾಜಿನಲ್ಲಿ ಹಿಡಿದದ್ದು, ನನಗಿಂತ ಹಿರಿಯದು. ಅವರ ದ್ರಾಕ್ಷಿ ತೋಟ ರಸ್ತೆಯಿಂದ ಬಹಳ ಒಳಗೆ, ಎರೆಮಣ್ಣಿನಲ್ಲಿ. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿಗಳು ಓಡಾಡಿ ದಾರಿಯಲ್ಲಿ ಮೊಣಕಾಲುದ್ದ ಗಾಲಿಗುಂಡಿ ಬೀಳುತ್ತಿದ್ದವು. ನಡುವಿನ ದಿಬ್ಬಕ್ಕೆ ಜೀಪಿನ ಹೊಟ್ಟೆ ತಾಗುತ್ತಿತ್ತು. ಆ ದೀಪಾವಳಿ ಕಳೆದ ಮೇಲೆ ಗೌಡರು ತಮ್ಮೂರಿನ ಕಂಬಾರ ಮಾರುತಿಯಿಂದ ಅದನ್ನು ಏರಿಸಿದರು. ಮಾರುತಿ ಎತ್ತಿನ ಗಾಡಿ ಕಟ್ಟುವುದರಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾದವನು. ಹಳೇ ಲಾರಿಯ ಪಾಟಾ ಕಡಿದು, ಬೆಂಕಿಗಿಟ್ಟು ಬಾಗಿಸಿ, ಜೀಪಿನ ಪಾಟಾಗಳ ಜೊತೆ ಸೇರಿಸಿದ. ಪಾಟಾಕ್ಕೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಬೆಣೆಗಳನ್ನು ಬಡಿದು ಕೂಡಿಸಿದ. ಜೀಪು ಎತ್ತರವಾಯಿತು, ಗೌಡಶಾನಿಯವರು ಹತ್ತಲು ಒಂದು ಮಣೆ ಇಡಬೇಕಾಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಆದರೆ ಕೆಲಸ ನೋಡಿದರೆ ಬೆರಳಿಡಲು ಜಾಗವಿರಲಿಲ್ಲ, ಅಷ್ಟು ಅಚ್ಚುಕಟ್ಟು.

ಸ್ವಲ್ಪ ದಿನಕ್ಕೆ ದಾಜಿ ಗ್ಯಾರೇಜಿಗೆ ಬಂದರು. "ಮಲ್ಲೂ, ಗಾಡಿ ನನ್ನ ಮಾತ ಕೇಳವಲ್ದು. ಎಡಕ್ಕ ಎಳೀತೈತಿ, ಬಲಕ್ಕ ತಿರುವಿದ್ರ ಬಲಕ್ಕ ಓಡತೈತಿ. ನೆಟ್ಟಗ ಹಿಡ್ಯೂದ ಆಗವಲ್ದು."

ಸ್ಟೇರಿಂಗ್ ಜೋಲಿ ಹುಡುಕುವುದು ಇಬ್ಬರ ಕೆಲಸ. ದಾಜಿ ಮೇಲೆ ಕುಳಿತು ಸ್ಟೇರಿಂಗನ್ನು ತುಸುವೇ ಎಡಕ್ಕೆ, ತುಸುವೇ ಬಲಕ್ಕೆ ಆಡಿಸುತ್ತಿದ್ದರು. ನಾನು ಕೆಳಗೆ ಅಂಗಾತ ಮಲಗಿ ಒಂದೊಂದು ಕೀಲಿನ ಮೇಲೆ ಬೆರಳಿಟ್ಟು ನೋಡುತ್ತಿದ್ದೆ. ಎಲ್ಲಿ ಟಕ್ಕೆಂದು ಬೆರಳಿಗೆ ಬಡಿಯುತ್ತದೋ ಅಲ್ಲಿ ಸವೆದಿದೆ ಎಂದರ್ಥ. ಎರಡು ಗಾಲಿಗಳನ್ನು ಕೂಡಿಸುವ ಟೈರಾಡಿನ ತುದಿಗಳು ಬಡಿದವು, ಬದಲಿಸಿದೆ. ಒಂದೆರಡು ದಿನ ಪರವಾಗಿಲ್ಲ ಅನ್ನಿಸಿತು. ಮತ್ತೆ ಬಂದರು. ಗಾಲಿ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದೆ, ಗಾಲಿ ತಿರುಗುವ ಗೂಟದ ಬೇರಿಂಗು ಹೋಗಿತ್ತು. ಅದನ್ನೂ ಹಾಕಿದೆ. ಮತ್ತೆ ಬಂದರು. ಸ್ಟೇರಿಂಗ್ ಬಾಕ್ಸು ಬಿಚ್ಚಿ ಸಡಿಲು ತೆಗೆದೆ, ಪಾಟಾದ ಬುಷ್ಷು ಬದಲಿಸಿದೆ, ಯು ಬೋಲ್ಟುಗಳನ್ನು ಬಿಗಿದೆ. ಹಳೇ ಗಾಡಿಯ ಸಂಕಟವೇ ಅದು. ಹುಡುಕಿದಲ್ಲೆಲ್ಲ ಒಂದು ರೋಗ ಸಿಗುತ್ತದೆ, ಸಿಕ್ಕಿದ್ದೇ ಮೂಲ ರೋಗ ಎಂದು ಸಮಾಧಾನವಾಗುತ್ತದೆ.

ಪುಷ್ಯ ಬಂತು, ದ್ರಾಕ್ಷಿ ಕೊಯ್ಲು ಶುರುವಾಯಿತು. ದಾಜಿ ಬೆಳಗ್ಗೆ ಮಂಜಿನಲ್ಲೇ ಜೀಪಿನ ಹಿಂದೆ ದ್ರಾಕ್ಷಿ ಪೆಟ್ಟಿಗೆಗಳನ್ನು ಮೇಲಿನವರೆಗೂ ಒಟ್ಟಿಕೊಂಡು ಮಿರಜಿನ ಪೇಟೆಗೆ ಹೋಗುವುದು, ಮಾಲು ಇಳಿಸಿ ಸಂಜೆ ಖಾಲಿ ಗಾಡಿಯಲ್ಲಿ ಮರಳುವುದು. ದಾರಿಯುದ್ದಕ್ಕೂ ಜನ ನೋಡುತ್ತಾರೆ. ಕಬ್ಬು ಕಡಿಯುವವರು, ಹಾಲಿನವರು, ಬಸ್ಸಿಗೆ ನಿಂತವರು. ಬೆಳಗ್ಗೆ ದಾರ ಹಿಡಿದಂತೆ ನೆಟ್ಟಗೆ ಹೋದ ಜೀಪು ಸಂಜೆ ರಸ್ತೆಯ ತುಂಬ ಓಲಾಡಿಕೊಂಡು ಬರುತ್ತದೆ. ಜನಕ್ಕೆ ಇನ್ನೇನು ಬೇಕು. ಮಾವುಲಿ ಮಿರಜಿನಲ್ಲಿ ಮಾಲು ಇಳಿಸಿ, ತಾನೂ ಸ್ವಲ್ಪ ಇಳಿಸಿಕೊಂಡು ಬರುತ್ತಾನೆ ಎಂದು ಯಾರೋ ಅಂದರು. ಆಮೇಲೆ ಎಲ್ಲರೂ ಅಂದರು. ಮಾವುಲಿ ಎಂದು ಕರೆದು ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿ ನಗುವುದು ಚಹಾ ಅಂಗಡಿಯಲ್ಲಿ ದಿನದ ಆಟವಾಯಿತು.

ಗೌಡರ ಕಿವಿಗೂ ಬಿತ್ತು. ಅವರು ಕೆಟ್ಟವರಲ್ಲ. ತಾವೇ ಸ್ಟೇರಿಂಗ್ ಹಿಡಿದು ನೋಡಿದರು. ಆದರೆ ಗೌಡರು ಎಲ್ಲಿಗಾದರೂ ಒಬ್ಬರೇ ಹೊರಟದ್ದುಂಟೇ? ಹಿಂದಿನ ಸೀಟಿನಲ್ಲಿ ಊರಿನ ಹಿರಿಯರು, ಆಳುಮಕ್ಕಳು, ಗೊಬ್ಬರದ ಚೀಲ, ಎಲ್ಲ ತುಂಬಿಕೊಂಡೇ ಅಥಣಿಯವರೆಗೂ ಬಂದರು. ಜೀಪು ಒಂದು ಗೇಣು ಅತ್ತಿತ್ತ ಆಗಲಿಲ್ಲ. ನನ್ನ ಗ್ಯಾರೇಜಿನ ಮುಂದೆ ಇಳಿದು, "ಗಾಡ್ಯಾಗ ಏನೂ ಇಲ್ಲಲ್ಲೋ ಮಲ್ಲಪ್ಪಾ" ಎಂದರು.

"ಐತ್ರಿ ಗೌಡ್ರ. ನಾನು ಹೊಡದ ನೋಡೇನಿ, ಖರೇನ ಎಳೀತೈತಿ. ಇನ್ನೂ ಎಲ್ಲೆ ಅಂತ ಸಿಕ್ಕಿಲ್ಲ."

"ನೀ ಅವನ ಹೆಂಡ್ತಿ ತಮ್ಮ. ನೀ ಮತ್ತೇನ ಹೇಳ್ತಿ?"

ಬೋಲ್ಟು ಬಿಗಿಯುವ ಪಾನಾ ಕೈಯಲ್ಲಿತ್ತು. ಎದುರಿಗಿದ್ದವರು ಗೌಡರಾದ್ದರಿಂದ ಅದನ್ನು ಫರಸಿಯ ಮೇಲೆ ಬಿಸಾಡಿದೆ. ಅದು ಬಿದ್ದ ಸದ್ದಿಗೆ ಹಿಂದೆ ಕುಳಿತವರು ನಕ್ಕರು.

ಪುಷ್ಯದ ಕೊನೆಗೆ ಆಗಬಾರದ್ದು ಆಯಿತು. ಒಂದು ಸಂಜೆ ದಾಜಿ ಖಾಲಿ ಜೀಪಿನಲ್ಲಿ ಕಾಗವಾಡ ದಾಟಿ ಬರುತ್ತಿದ್ದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು. ದಾರಿ ಬಿಡಲು ಎಡಕ್ಕೆ ತಿರುವಿದರು. ಎಡಕ್ಕೆ ಹೋದ ಜೀಪು ಬಲಕ್ಕೆ ಮರಳಲಿಲ್ಲ. ಅಂಚಿನಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಹಾಲಿನವನಿಗೆ ತಾಗಿತು. ಅವನು ಗಟಾರಕ್ಕೆ ಉರುಳಿದ, ಮೊಣಕಾಲು ಕಿತ್ತಿತು, ಕ್ಯಾನು ಉರುಳಿ ಹಾಲೆಲ್ಲ ಡಾಂಬರಿನ ಮೇಲೆ ಹರಿಯಿತು. ದಾಜಿಯೇ ಓಡಿ ಅವನನ್ನು ಎತ್ತಿದರು. ಅಷ್ಟರಲ್ಲಿ ಜನ ಕೂಡಿದರು. ಒಬ್ಬ ಹತ್ತಿರ ಬಂದು, "ಮಾವುಲಿ, ಬಾಯಿ ತಗೀರಿ ನೋಡೂಣು" ಎಂದ. ಮೂವತ್ತೈದು ದಾಟಿದ, ಊರಿಗೆಲ್ಲ ಬೇಕಾದ ಮನುಷ್ಯ, ನಡುರಸ್ತೆಯಲ್ಲಿ ಬಾಯಿ ತೆರೆದು ನಿಂತ. ಹಲ್ಲು ನೋವಿಗೆಂದು ಅವರು ಒಂದು ಲವಂಗವನ್ನು ದವಡೆಯಲ್ಲಿ ಇಟ್ಟುಕೊಂಡಿದ್ದರು. ಮೂಸಿದವನು ತಲೆಯಾಡಿಸಿ, "ಲವಂಗ ಹಾಕ್ಕೊಂಡಾರ. ಎದಕ್ಕ ಹಾಕ್ಕೊಂತಾರ ಅನ್ನೂದು ಎಲ್ಲಾರಿಗೂ ಗೊತ್ತೈತಿ ಬಿಡ್ರಿ" ಎಂದ. ಈ ಮಾತನ್ನು ನನಗೆ ಹೇಳಿದವನು ಆ ಹಾಲಿನವನೇ. ಅವನು ಬೇಕಾದರೆ ದಾಜಿಯನ್ನು ಬೈಯಬಹುದಿತ್ತು, ಬೈಯಲಿಲ್ಲ. "ಓಡಿ ಬಂದು ನನ್ನ ಎತ್ತಿದವ್ರು ಅವ್ರ, ಪಾಪ" ಎಂದ.

ಮುಂದಿನ ಏಕಾದಶಿಗೆ ಆ ಊರಿನ ವಿಠೋಬನ ಗುಡಿಯಲ್ಲಿ ಭಜನೆಯಿತ್ತು. ನಾನೂ ಹೋಗಿದ್ದೆ, ಗಂಡಸರ ಸಾಲಿನಲ್ಲಿ ದಾಜಿಯ ಹಿಂದೆ ಕುಳಿತಿದ್ದೆ. ಅಕ್ಕ ಹೆಂಗಸರ ಕಡೆ ಕಂಬಕ್ಕೆ ಒರಗಿ ಕುಳಿತಿದ್ದಳು. ಮಂಗಳಾರತಿ ಆದ ಮೇಲೆ ಗೌಡರು ಎಲ್ಲರ ಎದುರಿಗೆ ಮೆಲ್ಲಗೇ ಕೇಳಿದರು. "ಸಿದರಾಯಾ, ಊರ ಬಾಯಿ ಮುಚ್ಚಿಸೂದು ನಿನ್ನ ಕೈಯಾಗ ಐತಿ. ಮಾಳ ಮುಟ್ಟಿ ಒಂದ್ ಮಾತ ಹೇಳು, ನಾ ಕುಡಿದಿಲ್ಲ ಅಂತ. ಇಲ್ಲಿಗೆ ಮುಗೀತು."

ಅವರು ಒಳ್ಳೆಯದಕ್ಕೇ ಕೇಳಿದ್ದು. ಒಂದು ಕ್ಷಣ ಕೈ ಕೊರಳಿಗೆ ಹೋದರೆ ಸಾಕಿತ್ತು. ನನ್ನ ಮನಸ್ಸು ಮುಟ್ಟ್ರಿ ದಾಜಿ, ಮುಟ್ಟ್ರಿ ಎಂದು ಕೂಗುತ್ತಿತ್ತು. ದಾಜಿ ಎದ್ದು ನಿಂತರು, ಕೈಗಳು ಪಕ್ಕದಲ್ಲೇ ಇದ್ದವು.

"ನಾ ಕುಡಿದಿಲ್ರಿ ಗೌಡ್ರ. ಇದನ್ನ ಮೊದಲ ದಿನಾನ ಹೇಳೇನಿ. ಮಾಳ ಮುಟ್ಟಿ ಹೇಳಿದ್ದಷ್ಟ ಖರೇ ಅಂದ್ರ, ಇಲ್ಲೀತನಕ ಮುಟ್ಟದ ಹೇಳಿದ್ದೆಲ್ಲಾ ಸುಳ್ಳಂದಂಗ ಆತಲ್ರಿ. ಮಾಳಾ ಹಾಕ್ಕೊಂಡಿದ್ದು ಆಣಿ ಮಾಡಾಕಲ್ಲ, ಆಣಿ ಮಾಡೂ ಪ್ರಸಂಗ ಬರಬಾರ್ದಂತ. ನಾ ಮುಟ್ಟೂದಿಲ್ಲ."

ಹಾಗೆ ನಿಂತ ಮನುಷ್ಯನನ್ನು ನೋಡಿಯೂ ಅವರು ಸುಳ್ಳಾಡುತ್ತಿದ್ದಾರೆಂದು ಹೇಗೆ ಅನ್ನಿಸುತ್ತದೋ ನನಗೆ ಇವತ್ತಿಗೂ ತಿಳಿಯದು. ಆದರೆ ಮುಟ್ಟಲು ಅಂಜಿದ ಎಂದೇ ಜನ ತಿಳಿದುಕೊಂಡರು. ಗೌಡರು ನಿಟ್ಟುಸಿರು ಬಿಟ್ಟು ಚಾವಿ ಕೇಳಿದರು. ದಾಜಿ ಜೇಬಿನಿಂದ ತೆಗೆದು ಕೊಟ್ಟರು.

ಆ ರಾತ್ರಿ ನಾನು ಅಕ್ಕನ ಮನೆಯಲ್ಲೇ ಉಳಿದೆ. ಬೆಳಗ್ಗೆ ದಾಜಿ ಸ್ನಾನ ಮುಗಿಸಿ ದೇವರ ಜಗುಲಿಯ ಮುಂದೆ ಕುಳಿತು ಹಣೆಗೆ ಬುಕ್ಕದ ಕಪ್ಪು ಪುಡಿ ಹಚ್ಚಿಕೊಳ್ಳುತ್ತಿದ್ದರು. ಅಕ್ಕ ಚಹಾ ತಂದಿಟ್ಟಳು. ಇಟ್ಟು ಹೋಗಲಿಲ್ಲ, ಅಲ್ಲೇ ಕುಳಿತಳು. ಕಣ್ಣು ಬಾತಿದ್ದವು.

"ಏನ್ರಿ. ನನಗರ ಖರೇ ಹೇಳ್ರಿ. ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ" ಎಂದಳು.

ನಾನು ಬಾಗಿಲಲ್ಲಿದ್ದೆ. ದಾಜಿ ಅವಳ ಕಡೆ ತಿರುಗಿ ನೋಡಿದರು. ಊರು ನಕ್ಕಾಗ, ನಡುರಸ್ತೆಯಲ್ಲಿ ಬಾಯಿ ತೆರೆದಾಗ, ಚಾವಿ ಕೊಟ್ಟಾಗ ಬಾರದ ನೀರು ಆಗ ಅವರ ಕಣ್ಣಿಗೆ ಬಂತು. ಎರಡೂ ಕೈಯಿಂದ ಮಾಳವನ್ನು ತಲೆಯ ಮೇಲಿಂದ ತೆಗೆದು ಕಣ್ಣಿಗೆ ಒತ್ತಿಕೊಂಡು ವಿಠ್ಠಲನ ಪಟದ ಮುಂದೆ ಇಟ್ಟರು.

"ಕಸ್ತೂರಿ, ಮಾಳಕರಿ ಕುಡೀತಾನ ಅಂತ ಊರ ಅನ್ನಾಕತ್ತೈತಿ. ನನ್ನ ಹೆಸರು ಹ್ವಾದ್ರ ಹೋಗ್ಲಿ. ಅದರ ಸಂಗಾಟ ಮಾಳದ ಹೆಸರು ಹೋಗಬಾರ್ದು. ಇನ್ನ ಏನ ಅಂದ್ರೂ ನನಗಷ್ಟ ಅಂತಾರ."

ಅಕ್ಕ ಅವರ ಕೈ ಹಿಡಿದುಕೊಂಡು ಬ್ಯಾಡ್ರಿ, ಬ್ಯಾಡ್ರಿ ಎಂದು ಅತ್ತಳು. ಅವರು ಚಹಾ ಕುಡಿದು, ಬಟ್ಟಲು ತೊಳೆದಿಟ್ಟು, ದನಕ್ಕೆ ಮೇವು ತರಲು ಹೋದರು. ಖಾಲಿ ಕೊರಳಲ್ಲಿ ಮಾಳ ಇದ್ದ ಜಾಗದ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು. ತಪ್ಪು ಒಪ್ಪಿಕೊಂಡ, ಪಾಪ, ಅಷ್ಟಾದರೂ ಮರ್ಯಾದೆಯಿದೆ ಎಂದು ಮಾತಾಡಿಕೊಂಡರು.

ನಾನು ನೇರವಾಗಿ ಗೌಡರ ವಾಡೆಗೆ ಹೋದೆ. ಗಾಡಿ ಕೊಡಿ, ತುಂಡುತುಂಡಾಗಿ ಬಿಚ್ಚಿ ನೋಡುತ್ತೇನೆ ಎಂದೆ. ನನ್ನ ಮುಖ ನೋಡಿ ಅವರಿಗೂ ಏನೋ ಅನ್ನಿಸಿರಬೇಕು. "ಒಯ್ಯಿ. ನಿನ್ನ ಸಮಾಧಾನಕ್ಕರ ಆಗ್ಲಿ" ಎಂದು ಚಾವಿ ಕೊಟ್ಟರು.

ಅಥಣಿಯ ದಾರಿ ಹಿಡಿದೆ. ಒಬ್ಬನೇ, ಗಾಡಿ ಖಾಲಿ. ಜೀಪು ಹೊಸದಾಗಿ ನೊಗಕ್ಕೆ ಹೂಡಿದ ಹೋರಿಯ ಹಾಗೆ ಆ ಕಡೆ ಈ ಕಡೆ ಎಳೆದಾಡಿತು. ಹೊಸ ಟೈರಾಡು, ಹೊಸ ಬೇರಿಂಗು, ಹೊಸ ಬುಷ್ಷು ಎಲ್ಲ ಇದ್ದೂ ಈ ಆಟ. ನಾನು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತ, ಅಳುತ್ತ ಹೊಡೆಯುತ್ತಿದ್ದೆ. ಐನಾಪುರದ ಕ್ರಾಸಿನಲ್ಲಿ ದ್ರಾಕ್ಷಿ ಕೊಯ್ದು ಮನೆಗೆ ಹೊರಟಿದ್ದ ಹೆಂಗಸರು ಕೈ ಮಾಡಿದರು. ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಒಬ್ಬರನ್ನೊಬ್ಬರು ಎಳೆದುಕೊಂಡು, ಎಷ್ಟ ಎತ್ತರ ಮಾಡೀರಿ ಎಪ್ಪಾ ಎಂದು ಬೈದುಕೊಂಡು ಹಿಂದೆ ತುಂಬಿಕೊಂಡರು. ಸ್ವಲ್ಪ ದೂರ ಹೋಗಿರಬೇಕು. ನನ್ನ ಕೈಗೆ ಕೆಲಸವೇ ಇಲ್ಲ. ಸ್ಟೇರಿಂಗು ಸುಮ್ಮನೆ ನಿಂತಿದೆ.

ಅವರು ತಮ್ಮ ವಸ್ತಿಯ ಹತ್ತಿರ ಇಳಿದರು. ಮುಂದಿನ ತಿರುವಿಗೇ ಗಾಡಿ ಮತ್ತೆ ಎಡಕ್ಕೆ ಜೋಲಿ ಹೊಡೆಯಿತು.

ನಿಲ್ಲಿಸಿದೆ. ರಸ್ತೆ ಪಕ್ಕದಲ್ಲಿ ಖಡಿ ಗುಡ್ಡೆ ಹಾಕಿದ್ದರು. ಕೈಯಿಂದಲೇ ಕಲ್ಲು ಎತ್ತಿ ಎತ್ತಿ ಜೀಪಿನ ಹಿಂದೆ ಹಾಕಿದೆ, ಪಾಟಾ ಬಾಗುವಷ್ಟು. ಹೊಡೆದು ನೋಡಿದೆ, ನೆಟ್ಟಗೆ ಹೋಯಿತು. ಕಲ್ಲು ಕೆಡವಿ ಹೊಡೆದೆ, ಓಲಾಡಿತು. ಮತ್ತೆ ತುಂಬಿದೆ, ನೆಟ್ಟಗೆ. ದಾರಿಹೋಕರು ಈ ಮೆಕ್ಯಾನಿಕನಿಗೆ ತಲೆ ಕೆಟ್ಟಿದೆ ಎಂದು ನಿಂತು ನೋಡಿದರು. ಬೆಳಗ್ಗೆ ತುಂಬಿದ ಗಾಡಿ, ಸಂಜೆ ಖಾಲಿ ಗಾಡಿ. ಊರೆಲ್ಲ ದಾಜಿಯ ವಿರುದ್ಧ ಹೇಳಿದ ಸಾಕ್ಷಿಯೇ ರೋಗದ ಗುರುತಾಗಿತ್ತು.

ಸೈಕಲ್ಲಿನ ಮುಂದಿನ ಗಾಲಿಯನ್ನು ಹಿಡಿದ ಚಿಮಟಾ ನೋಡಿ, ಅದರ ಮೇಲ್ತುದಿ ಹೊಡೆಯುವವನ ಕಡೆಗೆ ಒರಗಿರುತ್ತದೆ. ಅದಕ್ಕೇ ಹುಡುಗರು ಕೈಬಿಟ್ಟು ಹೊಡೆದರೂ ಸೈಕಲ್ಲು ನೆಟ್ಟಗೆ ಹೋಗುತ್ತದೆ. ಜೀಪಿನ ಗಾಲಿ ತಿರುಗುವ ಗೂಟವೂ ಹಾಗೆಯೇ ಹಿಂದಕ್ಕೆ ಒರಗಿರಬೇಕು. ಗ್ಯಾರೇಜಿನ ಫರಸಿಯ ಮೇಲೆ ನಿಲ್ಲಿಸಿ ಗೋಡೆ ಕಟ್ಟುವ ಗೌಂಡಿಯಿಂದ ತೂಗುಗುಂಡು ತಂದು ಹಿಡಿದು ನೋಡಿದೆ. ಗೂಟ ಮುಂದಕ್ಕೆ ಬಾಗಿತ್ತು. ಹಿಂದೆ ಭಾರ ಬಿದ್ದಾಗ ಜೀಪಿನ ಮೂತಿ ಎತ್ತಿ ಗೂಟ ಹಿಂದಕ್ಕೆ ಒರಗುತ್ತಿತ್ತು, ಗಾಡಿ ಸರಿಹೋಗುತ್ತಿತ್ತು. ಭಾರ ಇಳಿಸಿದರೆ ಮತ್ತೆ ಮುಂದಕ್ಕೆ. ಮಾರುತಿಯ ಆ ಅಚ್ಚುಕಟ್ಟಾದ ಬೆಣೆಗಳ ದಪ್ಪ ತುದಿ ಹಿಂದುಮುಂದಾಗಿತ್ತು.

ಮಾರುತಿಯನ್ನು ಬೈಯಬೇಕೆಂದೇ ಜೀಪು ಹೊಡೆದುಕೊಂಡು ಅವನೂರಿಗೆ ಹೋದೆ. ಅವನು ಕುಲುಮೆಯ ಮುಂದೆ ಕುಳಿತಿದ್ದ. ಕೇಳಿದಾಗ ಒಂದಿಷ್ಟೂ ಅಳುಕದೆ ಹೇಳಿದ. "ಬೇಕಂತನ ಹಂಗ ಹಾಕೇನ್ರಿ. ಗಾಡಿ ಹಿಂದಕ್ಕ ವಾಲಿದ್ರ ನೊಗ ಮ್ಯಾಲ ಏಳತೈತಿ, ಜತ್ತಿಗಿ ಪಟ್ಟಿ ಎತ್ತಿನ ಕೊರಳ ಹಿಸಕತೈತಿ. ಯಾವತ್ತೂ ಭಾರ ತುಸು ಮುಂದಕ್ಕಿರಬೇಕು. ನಮ್ಮಪ್ಪ ಕಲಿಸಿದ್ದು ಅದ." ನಾನು ಜೀಪಿನ ಸಂಗತಿ ಬಿಡಿಸಿ ಹೇಳಿದೆ. ಅವನ ಮುಖ ಇಳಿದುಹೋಯಿತು. ಜೀಪಿಗೆ ಕೊರಳು ಹಿಸುಕಿಸಿಕೊಳ್ಳುವ ಎತ್ತು ಇರುವುದಿಲ್ಲ ಎಂದು ಅವನಿಗೆ ಹೊಳೆದಿರಲಿಲ್ಲ. ತಿದಿ ಊದುವುದು ಬಿಟ್ಟು ಎದ್ದು ಬಂದು ತಾನೇ ಬೆಣೆ ತಿರುಗಿಸಿ ಹಾಕಿದ. ಹಾಕುವಷ್ಟು ಹೊತ್ತೂ "ನನ್ನ ಸಲುವಾಗಿ ಮಾವುಲಿ ಹೆಸರು ಹಾಳಾತಲ್ರಿ" ಎನ್ನುತ್ತಿದ್ದ.

ಗೌಡರನ್ನು ಖಾಲಿ ಜೀಪಿನಲ್ಲಿ, ಅವರೊಬ್ಬರನ್ನೇ, ಪಕ್ಕದಲ್ಲಿ ಕೂಡಿಸಿಕೊಂಡು ಹೊರಟೆ. ನೆಟ್ಟಗಿನ ರಸ್ತೆಯಲ್ಲಿ ಸ್ಟೇರಿಂಗಿನಿಂದ ಎರಡೂ ಕೈ ತೆಗೆದೆ. ಜೀಪು ತನ್ನ ಪಾಡಿಗೆ ತಾನು ಹೋಯಿತು. ಬೆಣೆ ತೋರಿಸಿದೆ, ಕಲ್ಲಿನ ಕಥೆ ಹೇಳಿದೆ. ಗೌಡರು ತಲೆಯ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಅವನ ಮನೀಗೆ ನಡಿ" ಎಂದರು.

ದಾಜಿ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಗೌಡರು ಅವರ ಎರಡೂ ಕೈ ಹಿಡಿದು, ನಮ್ಮದು ತಪ್ಪಾಯಿತು, ಊರಿನ ಮುಂದೆ ನಾನೇ ಹೇಳುತ್ತೇನೆ ಎಂದರು. ಚಾವಿಯನ್ನು ಅವರ ಅಂಗೈಯಲ್ಲಿಟ್ಟರು. ದಾಜಿ ತೆಗೆದುಕೊಂಡರು, ನಾಳೆ ಬೆಳಗ್ಗೆ ಎಷ್ಟು ಪೆಟ್ಟಿಗೆ ಹೋಗಬೇಕೆಂದು ಕೇಳಿದರು. ಸಿಟ್ಟಿಲ್ಲ, ಸಡಗರವಿಲ್ಲ. ಗೌಡರು ಹೋದ ಮೇಲೆ ನಾನು ಸಂತೋಷ ತಡೆಯಲಾಗದೆ, "ದಾಜಿ, ಇನ್ನರ ಮಾಳ ಹಾಕ್ಕೋರಿ" ಎಂದೆ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಸಪ್ಪಳ ಅಂಗಳದವರೆಗೂ ಕೇಳುತ್ತಿತ್ತು.

ದಾಜಿ ಹಗ್ಗದ ಎಳೆಯನ್ನೇ ನೋಡುತ್ತ ಹೇಳಿದರು. "ನೀ ಭಾಳ ಮಾಡೀದಿ ಮಲ್ಲೂ, ನಿನ್ನ ಉಪಕಾರ ಮರ್ಯೂದಿಲ್ಲ. ಆದ್ರ ಗೌಡ್ರು ಗಾಡಿ ನೋಡಿ ನಂಬಿದ್ರು. ಊರು ಗಾಡಿ ನೋಡಿ ನಂಬತೈತಿ. ನೀನೂ ಮೊದಲ ಗಾಡಿ ಹೊಡದ ನೋಡೇ ನಂಬಿದಿ. ನಿಮ್ಮಕ್ಕನೂ ಇವತ್ತ ನಂಬಿದ್ಳು. ಒಬ್ಬರರ ನನ್ನ ಮಾರಿ ನೋಡಿ ನಂಬಿದ್ರ ನಾ ಹಾಕ್ಕೊಂತಿದ್ದೆ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ನನಗೆ ಅಲ್ಲಿ ಕೂಡಲಾಗಲಿಲ್ಲ, ಊಟಕ್ಕೆ ನಿಲ್ಲದೆ ಬಸ್ಸು ಹಿಡಿದೆ.

ಆ ಮೇಲೆ ದಾಜಿ ಎಷ್ಟೋ ವರ್ಷ ಅದೇ ಜೀಪು ಹೊಡೆದರು. ಅಕ್ಕನಿಗೆ ಎಂದೂ ಒಂದು ಗಡಸು ಮಾತಾಡಲಿಲ್ಲ. ಮಕ್ಕಳನ್ನು ಓದಿಸಿದರು, ಮನೆ ಕಟ್ಟಿದರು. ಮಾಂಸ ಮುಟ್ಟಲಿಲ್ಲ, ಸೆರೆ ಮುಟ್ಟಲಿಲ್ಲ. ಮಾಳವನ್ನೂ ಮುಟ್ಟಲಿಲ್ಲ. ಆಷಾಢದಲ್ಲಿ ದಿಂಡಿ ಊರು ದಾಟುವ ದಿನ ಹೊಲಕ್ಕೆ ಹೋಗಿಬಿಡುತ್ತಿದ್ದರು, ತಾಳದ ಸದ್ದು ದೂರವಾದ ಮೇಲೆಯೇ ಬರುತ್ತಿದ್ದರು. ಊರಿನವರು ಮತ್ತೆ ಮಾವುಲಿ ಎಂದು ಕರೆಯತೊಡಗಿದರು. ಅವರು ಆ ಹೆಸರಿಗೆ ಓಗೊಡಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತಲ್ಲೇ ಹೋದರು.

ಅವರ ಉತ್ತರಕ್ರಿಯೆ ಮುಗಿದ ಮರುದಿನ ಅಕ್ಕ ಮತ್ತು ನಾನು ಹಿತ್ತಿಲಲ್ಲಿ ಇಬ್ಬರೇ ಕುಳಿತಿದ್ದೆವು. ಅಷ್ಟು ವರ್ಷ ಆ ಚಳಿಗಾಲದ ಬಗ್ಗೆ ಒಂದು ಮಾತೂ ಆಡದಿದ್ದವಳು ತಾನಾಗಿ ಬಾಯಿಬಿಟ್ಟಳು. ನಾನು ಸಮಾಧಾನ ಮಾಡಲು ಹೋದೆ. ಅಪ್ಪನನ್ನು ಕಂಡವಳು ನೀನು, ನಿನಗೆ ಸಂಶಯ ಬಂದದ್ದರಲ್ಲಿ ತಪ್ಪೇನು, ಹೇಗೋ ನಿಜ ಹೊರಗೆ ಬಂತಲ್ಲ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೀ ಆ ಬೆಣಿ ಹುಡಕಬಾರ್ದಾಗಿತ್ತೋ ತಮ್ಮಾ" ಎಂದಳು. "ಅದು ಸಿಗದ ಇದ್ದಿದ್ರ, ಒಂದ್ ವ್ಯಾಳೆ ಕುಡಿದಿದ್ರೋ ಏನೋ ಅಂತ ಅನ್ಕೊಂಡಾದ್ರೂ ನಾ ಇಷ್ಟ್ ವರ್ಷ ತಲಿ ಎತ್ತಿ ಅವರ ಮಾರಿ ನೋಡತಿದ್ದೆ."